ನೀರಿನ ಮೇಲಣ ಜಾಡು
ಕೊಲರಾಡೋ ನದಿಯಲ್ಲಿ ಪೊವೆಲನ ದೋಣಿಗಳನ್ನು ಹಿಂಬಾಲಿಸುವ ತಂಡಗಳು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಇವೆರಡರಲ್ಲಿ ಒಂದನ್ನಾದರೂ ಮಾಡದವನ ತಿಳಿವಳಿಕೆಯು ಮನೆಯ ಹೊಸ್ತಿಲನ್ನು ದಾಟಲಾರದೆಂದು ಅದರ ಇಂಗಿತ. ಆದರೆ ಕೋಶವನ್ನು ಕೈಯಲ್ಲಿ ಹಿಡಿದುಕೊಂಡೇ ದೇಶ ಸುತ್ತುವ ಪದ್ಧತಿಯೂ ಒಂದುಂಟು. ಹಿಂದೊಮ್ಮೆ ಸಾಹಸಿಗಳು ಹೋದ ದಾರಿಯನ್ನೇ ಹಿಡಿದು, ಅವರು ಬರೆದಿಟ್ಟ ದಿನಚರಿಯನ್ನು ಆಯಾ ಸ್ಥಳದಲ್ಲಿಯೇ ಓದುತ್ತ, ಅವರು ಕಂಡುದು ಈಗಲೂ ಇರುವುದೇ ಎಂದು ಪರೀಕ್ಷಿಸುತ್ತ, ಹತ್ತಾರು ಮಂದಿ ಒಟ್ಟಾಗಿ ಸಾಗುವುದೇ ಆ ಪದ್ಧತಿ.

ನೆಲದ ಮೇಲಣ ದಾರಿಯಾದರೆ ಗಾಡಿಯ ಚಕ್ರದ ಗುರುತಾದರೂ ಕೆಲಕಾಲ ಉಳಿದೀತು. ನೀರಿನ ಮೇಲೆ ದೋಣಿಯು ಬಿಟ್ಟ ಜಾಡು ಮರುಕ್ಷಣದಲ್ಲಿಯೇ ಅಳಿಸಿಹೋಗುತ್ತದೆ. ಹಾಗಿದ್ದರೂ ಅಮೆರಿಕದ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿ 1869ನೆಯ ಇಸವಿಯಲ್ಲಿ ಹತ್ತು ಮಂದಿ ನಾಲ್ಕು ದೋಣಿಗಳಲ್ಲಿ ಹೋದ ಜಾಡನ್ನು ಜನರು ಇಂದಿಗೂ ಬಿಡದೆ ಹುಡುಕಿಕೊಂಡು ಹೋಗುತ್ತಿದ್ದಾರೆ. ಆ ಮೂಲಯಾತ್ರೆಯ ವೃತ್ತಾಂತವನ್ನೂ ಅದನ್ನು ಹಿಂಬಾಲಿಸಿದವರ ಸಂಗತಿಯನ್ನೂ ಇಲ್ಲಿ ವಾಚಕರ ಮುಂದಿಟ್ಟಿದೆ. ಇಂಥ ಯಾತ್ರೆಯು ಬರಿಯ ವಿನೋದವೇ, ಅಥವಾ ಇದರಿಂದ ನದಿಗೂ ಏನಾದರೂ ಪ್ರಯೋಜನವುಂಟೇ ಎಂಬ ಪ್ರಶ್ನೆಗೆ ಈ ವೃತ್ತಾಂತದಲ್ಲಿಯೇ ಉತ್ತರವಿರುವುದು.

ನದಿಯೂ ನಾಯಕನೂ

ವಯೋಮಿಂಗ್ ಸಂಸ್ಥಾನದ ಪರ್ವತಗಳಲ್ಲಿ ಹುಟ್ಟುವ ಗ್ರೀನ್ ನದಿಯೂ, ಕೊಲರಾಡೋ ಸಂಸ್ಥಾನದ ರಾಕಿ ಪರ್ವತಗಳಲ್ಲಿ ಹುಟ್ಟುವ ಇನ್ನೊಂದು ನದಿಯೂ ಯೂಟಾ ಸಂಸ್ಥಾನದ ನಿರ್ಜನವಾದ ಬಂಡೆನಾಡಿನಲ್ಲಿ ಕೂಡುತ್ತವೆ. ಈ ಎರಡನೆಯ ನದಿಯನ್ನು ಆ ಕಾಲದಲ್ಲಿ ಗ್ರಾಂಡ್ ಎನ್ನುತ್ತಿದ್ದರು. 1921ರಲ್ಲಿ ಅದಕ್ಕೂ ಕೊಲರಾಡೋ ಎಂಬ ಹೆಸರನ್ನೇ ಇಟ್ಟರು. ಸಂಗಮದಿಂದ ಕೆಳಗೆ ನದಿಯು ಒಂದರ ಮೇಲೊಂದರಂತೆ ಆಳವಾದ ಕಮರಿಗಳನ್ನು ಕೊರೆದುಕೊಂಡು ಹರಿಯುತ್ತದೆ. ಇವುಗಳಲ್ಲೆಲ್ಲ ಹಿರಿದಾದುದು 277 ಮೈಲಿ ಉದ್ದದ ಗ್ರಾಂಡ್ ಕ್ಯಾನ್ಯನ್. ಅದರ ಅಂಚಿನಿಂದ ತಳಕ್ಕೆ ಸುಮಾರು ಒಂದು ಮೈಲಿಯ ಆಳ.

1869ರ ವರೆಗೆ ಸರ್ಕಾರದ ಭೂಪಟಗಳಲ್ಲಿ ಈ ಕಮರಿಗಳ ಪ್ರದೇಶವು ಬಹುಮಟ್ಟಿಗೆ ಬರಿಯ ಬಿಳಿಯ ಕಾಗದವಾಗಿತ್ತು. ನದಿಯು ಎಲ್ಲಿಯೋ ನೆಲದೊಳಗೆ ಇಳಿದುಹೋಗುವುದೆಂದೂ, ನಯಾಗರದಂಥ ಜಲಪಾತಗಳು ಒಳಗೆ ಅಡಗಿರುವುವೆಂದೂ ಜನರು ಮಾತನಾಡಿಕೊಳ್ಳುತ್ತಿದ್ದರು. ಇದನ್ನು ಕಣ್ಣಾರೆ ಕಂಡು ತಿಳಿಯಬೇಕೆಂದು ಹೊರಟವನು ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನದ ಅಧ್ಯಾಪಕ. ಆಗ ಅವನಿಗೆ ಮೂವತ್ತೈದು ವರುಷ. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಏಪ್ರಿಲ್‌ನಲ್ಲಿ ಶೈಲೊ ಎಂಬಲ್ಲಿ ನಡೆದ ಕಾಳಗದಲ್ಲಿ ಗುಂಡು ತಗುಲಿ ಅವನ ಬಲಗೈಯನ್ನು ಮೊಣಕೈಯ ಕೆಳಗೆ ಕತ್ತರಿಸಿ ತೆಗೆದಿದ್ದರು. ಒಂದೇ ಕೈಯ ಈ ಮೇಜರ್ ಪೊವೆಲನು, ಹುಟ್ಟು ಹಾಕಲು ತನಗೆ ಸಾಧ್ಯವಿಲ್ಲದ ದೋಣಿಯಲ್ಲಿ, ಭೂಪಟದಲ್ಲಿಯೇ ಇಲ್ಲದ ನದಿಯನ್ನಿಳಿಯಲು ಸಂಕಲ್ಪಿಸಿದನು.

ಹತ್ತು ಮಂದಿ, ನಾಲ್ಕು ದೋಣಿ

ಅದೇ ವರುಷ ಮೇ 10ರಂದು ಆ ಖಂಡವನ್ನು ಅಡ್ಡಲಾಗಿ ದಾಟುವ ರೈಲುದಾರಿಯು ಪೂರ್ತಿಯಾಗಿತ್ತು. ಷಿಕಾಗೋ ನಗರದಲ್ಲಿ ಕಟ್ಟಿಸಿದ ನಾಲ್ಕು ದೋಣಿಗಳು ರೈಲಿನಲ್ಲಿಯೇ ಗ್ರೀನ್ ರಿವರ್ ಎಂಬ ಊರಿಗೆ ಬಂದಿಳಿದವು. ಮೂರು ದೋಣಿಗಳು 21 ಅಡಿ ಉದ್ದದವು, ಓಕ್ ಮರದವು. ನಾಲ್ಕನೆಯದು 16 ಅಡಿಯ ಹಗುರವಾದ ಪೈನ್ ಮರದ ದೋಣಿ. ಮುಂದೆ ಹೋಗಿ ದಾರಿ ನೋಡತಕ್ಕ ಈ ಚಿಕ್ಕ ದೋಣಿಗೆ ಪೊವೆಲನು ತನ್ನ ಹೆಂಡತಿಯ ಹೆಸರನ್ನೇ ಇಟ್ಟು ‘ಎಮ್ಮಾ ಡೀನ್’ ಎಂದು ಕರೆದನು. ಮೇ 24ರಂದು ಹತ್ತು ಮಂದಿಯೂ ಹತ್ತು ತಿಂಗಳಿಗಾಗುವಷ್ಟು ಆಹಾರವನ್ನು ತುಂಬಿಕೊಂಡು ಹೊರಟರು. ಅವರಲ್ಲಿ ಹೆಚ್ಚಿನವರು ಬೇಟೆಗಾರರು, ಯುದ್ಧದಿಂದ ಹಿಂದಿರುಗಿದ ಸಿಪಾಯಿಗಳು. ಇಂಥ ನದಿಯಲ್ಲಿ ದೋಣಿ ನಡೆಸಿ ಅನುಭವವಿದ್ದವರು ಒಬ್ಬರೂ ಇರಲಿಲ್ಲ.

ನದಿಯು ಹಠಾತ್ತಾಗಿ ಇಳಿಜಾರಾಗಿ, ಬಂಡೆಗಳ ನಡುವೆ ನೊರೆಗರೆಯುತ್ತ ನುಗ್ಗುವ ಸ್ಥಳವನ್ನು ಅಲ್ಲಿಯವರು ‘ರ‍್ಯಾಪಿಡ್’ ಎನ್ನುವರು; ನಾವು ಬಿರುಹೊನಲು ಎನ್ನೋಣ. ಇಂಥವು ಉಂಟಾಗುವುದಕ್ಕೆ ಸಾಮಾನ್ಯವಾಗಿ ಅಡ್ಡಕಣಿವೆಗಳೇ ಕಾರಣ. ಜೋರುಮಳೆಯಲ್ಲಿ ಪಕ್ಕದ ಹಳ್ಳಗಳು ಉರುಳಿಸಿ ತರುವ ಬಂಡೆಗಳು ಹೊಳೆಯ ಬಾಯಲ್ಲಿ ರಾಶಿಯಾಗಿ ಬಿದ್ದು ನೀರನ್ನು ಅರ್ಧಕ್ಕೆ ಕಟ್ಟುತ್ತವೆ. ಹಿಂದೆ ನೀರು ನಿಂತು ಮಡುವಾಗುತ್ತದೆ, ಮುಂದೆ ಧುಮುಕುತ್ತದೆ. ಪೊವೆಲನ ಕಡೆಯವರು ಅಪಾಯವೆನಿಸಿದ ಕಡೆಯಲ್ಲೆಲ್ಲ ದೋಣಿಗಳನ್ನು ಹಗ್ಗ ಕಟ್ಟಿ ದಡದಿಂದ ಇಳಿಬಿಡುತ್ತಿದ್ದರು. ಅದೂ ಆಗದಿದ್ದರೆ ಸಾಮಾನನ್ನೂ ದೋಣಿಯನ್ನೂ ಬಂಡೆಗಳ ಮೇಲೆ ಹೊತ್ತು ಸಾಗಿಸುತ್ತಿದ್ದರು. ಇಂಥ ಕೆಲಸದಲ್ಲಿ ಒಂದೊಂದು ದಿನ ಒಂದೆರಡು ಮೈಲಿ ಮಾತ್ರ ಮುಂದುವರಿದುದುಂಟು.

ಹೊರಟು ಇನ್ನೂ ಮೂರು ವಾರ ಕಳೆದಿರಲಿಲ್ಲ. ಲೊಡೋರ್ ಎಂಬ ಕಮರಿಯಲ್ಲಿ ‘ನೋ ನೇಮ್’ ಎಂಬ ದೋಣಿಯು ಬಂಡೆಗೆ ಬಡಿದು ಚೂರಾಯಿತು. ಅದರಲ್ಲಿದ್ದ ಮೂವರು ಹೊಳೆಯ ನಡುವಣ ದಿಬ್ಬವನ್ನು ಹಿಡಿದು ಬದುಕಿದರು. ಆಹಾರದ ಬಹುಭಾಗವು ನೀರುಪಾಲಾಯಿತು. ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದ್ದೇವೆಂದು ತಿಳಿಸುವ ವಾಯುಭಾರಮಾಪಕಗಳೆಲ್ಲವೂ ಅದೇ ದೋಣಿಯಲ್ಲಿದ್ದವು. ನದಿಯು ಹೊರಟ ಊರಿನಿಂದ ಕೊನೆಯ ವರೆಗೆ ಐದು ಸಾವಿರ ಅಡಿಗಳಿಗಿಂತಲೂ ಹೆಚ್ಚಾಗಿ ಇಳಿಯಬೇಕಾಗಿತ್ತು. ಈ ಮಾಪಕಗಳಿಲ್ಲದೆ ಇನ್ನೆಷ್ಟು ಇಳಿಯುವುದಿದೆ ಎಂಬುದನ್ನು ತಿಳಿಯಲು ಬೇರೆ ದಾರಿಯಿರಲಿಲ್ಲ. ಮಾರನೆಯ ದಿನ ಇಬ್ಬರು ಪ್ರಾಣದ ಹಂಗು ತೊರೆದು ಒಡೆದ ದೋಣಿಯ ತುಂಡಿನ ವರೆಗೆ ಹೋಗಿ ಹಿಂದಿರುಗಿದಾಗ ಎಲ್ಲರೂ ಹರ್ಷಧ್ವನಿ ಮಾಡಿದರು. ವಿಜ್ಞಾನದ ಮೇಲೆ ಇವರಿಗೆ ಎಷ್ಟು ಅಭಿಮಾನವೆಂದು ಪೊವೆಲನು ಮೊದಲು ಆನಂದಪಟ್ಟನಂತೆ. ಮಾಪಕಗಳ ಜತೆಗೆ, ತನಗೆ ತಿಳಿಯದಂತೆ ದೋಣಿಯಲ್ಲಿ ಸೇರಿಸಿದ್ದ ಒಂದು ಪೀಪಾಯಿ ಮದ್ಯವೂ ಹೊರಬಂದುದನ್ನು ಕಂಡ ಮೇಲೆ ಹರ್ಷಕ್ಕೆ ಕಾರಣವು ಅವನಿಗೆ ಮನವರಿಕೆಯಾಯಿತು.

ಇತ್ತ ಊರಿನಲ್ಲಿ, ತಂಡದವರೆಲ್ಲರೂ ಮುಳುಗಿ ಸತ್ತರೆಂದೂ ತಾನೊಬ್ಬನೇ ಉಳಿದೆನೆಂದೂ ಒಬ್ಬನು ಸುಳ್ಳುಸುದ್ದಿ ಹಬ್ಬಿಸಿದನು. ಪತ್ರಿಕೆಗಳೂ ಅದನ್ನು ಅಚ್ಚುಹಾಕಿದವು. ಪೊವೆಲನ ಹೆಂಡತಿಯು ಅದನ್ನು ನಂಬಲಿಲ್ಲ. ಸುದ್ದಿಯಲ್ಲಿ ಹೇಳಿದ ತಾರೀಖು ಕಳೆದ ಮೇಲೆ ತನ್ನ ಗಂಡನು ಬರೆದ ಕಾಗದವೇ ಇದೆಯೆಂದು ಅವಳು ಧೈರ್ಯದಿಂದ ತಿಳಿಸಿದಳು.

ಅಗಲಿಕೆಯ ಸ್ಥಳ

ಜುಲೈ ಮೊದಲಲ್ಲಿ ಒಬ್ಬನು ತಂಡವನ್ನು ಬಿಟ್ಟು ಹೋದನು. ಒಂಬತ್ತು ಮಂದಿ ಉಳಿದರು. ಸಂಗಮವನ್ನು ಮುಟ್ಟುವ ಹೊತ್ತಿಗೆ ಹಿಟ್ಟು ನೆನೆದು ಗಂಟುಗಟ್ಟಿತ್ತು; ಸೊಳ್ಳೆಪರದೆಯನ್ನೇ ಜರಡಿಮಾಡಿ ಹಿಡಿದು, ಕೆಟ್ಟುದನ್ನು ಹೊಳೆಗೆ ಚೆಲ್ಲಿದರು. ಆಗಸ್ಟ್ 13ರಂದು ಗ್ರಾಂಡ್ ಕ್ಯಾನ್ಯನ್ನಿನ ನಡುಭಾಗವನ್ನು ಪ್ರವೇಶಿಸಿದಾಗ ಒಂದು ತಿಂಗಳಿಗೆ ಸಾಲುವಷ್ಟು ಹಳಸಿದ ಹಿಟ್ಟು, ಒಣಗಿದ ಸೇಬಿನ ಹೋಳು, ಬೇಕಾದಷ್ಟು ಕಾಫಿ ಇಷ್ಟೇ ಇತ್ತು. ರೊಟ್ಟಿಯನ್ನು ಉಬ್ಬಿಸುವ ಸೋಡಾಪುಡಿಯೂ ನೀರಿಗೆ ಬಿದ್ದುಹೋಯಿತು. ಕಪ್ಪು ಕಲ್ಲು ಕಾಣಿಸಿಕೊಂಡಲ್ಲೆಲ್ಲ ನದಿಯು ಕಿರಿದಾಗಿ ಬಿರುಹೊನಲುಗಳು ಭಯಂಕರವಾಗುವುವೆಂಬುದನ್ನು ಅವರು ಅನುಭವದಿಂದ ಕಲಿತಿದ್ದರು. ದಡದ ಕಲ್ಲಿನ ಬಣ್ಣವನ್ನು ನೋಡಿಯೇ ನಾಳಿನ ಕಷ್ಟವನ್ನು ಅಳೆಯುತ್ತಿದ್ದರು.

ಯಾರೂ ಕಾಣದ ನಾಡೆಂದು ಅವರು ಭಾವಿಸಿದ್ದರೂ ಅದು ನಿಜವಾಗಿ ಯಾರೂ ಇಲ್ಲದ ನಾಡಾಗಿರಲಿಲ್ಲ. ದಾರಿಯುದ್ದಕ್ಕೂ ಹಳೆಯ ಕಲ್ಲುಮನೆಗಳ ಗೋಡೆಗಳೂ ಮಡಕೆಚೂರುಗಳೂ ಕಾಣಿಸಿದವು. ಆಗಸ್ಟ್ 26ರಂದು ಹೊಳೆಯ ದಡದಲ್ಲಿ ಮೂಲನಿವಾಸಿಗಳು ಬೆಳೆಸಿದ್ದ ತೋಟವೊಂದು ಸಿಕ್ಕಿತು. ಹಸಿದಿದ್ದ ಒಂಬತ್ತು ಮಂದಿಯೂ ಅಲ್ಲಿಂದ ಹತ್ತು ಹನ್ನೆರಡು ಕುಂಬಳಕಾಯಿಗಳನ್ನು ಕದ್ದೊಯ್ದು ಬೇಯಿಸಿ ತಿಂದರು. ಒಡೆಯನ ಹಸಿವಿಗೆ ಉತ್ತರ ಹೇಳಲಾರೆವಾದರೂ ನಮ್ಮ ಹಸಿವೇ ನಮಗೆ ನೆಪವೆಂಬ ಭಾವದಲ್ಲಿ ಪೊವೆಲನು ಈ ಕಳವನ್ನು ಮುಚ್ಚಿಡದೆ ಬರೆದಿರುವನು.

ಮಾರನೆಯ ದಿನ ಅದುವರೆಗೆ ಕಂಡುದರಲ್ಲೆಲ್ಲ ಘೋರವಾದ ಬಿರುಹೊನಲು ಎದುರಾಯಿತು. ಹೊತ್ತು ಸಾಗಿಸಲು ದಡವಿಲ್ಲ. ಹಗ್ಗದಿಂದ ಇಳಿಬಿಡಲು ನಿಲ್ಲುವ ಸ್ಥಳವಿಲ್ಲ. ರಾತ್ರಿಯ ಊಟವಾದ ಮೇಲೆ ಓರಾಮೆಲ್ ಹೌಲೆಂಡ್ ಎಂಬವನು ಪೊವೆಲನನ್ನು ಏಕಾಂತಕ್ಕೆ ಕರೆದು, ತಾನೂ ತನ್ನ ತಮ್ಮ ಸೆನೆಕನೂ ವಿಲಿಯಂ ಡನ್ ಎಂಬ ಬೇಟೆಗಾರನೂ ಇನ್ನು ಮುಂದೆ ಬರುವುದಿಲ್ಲವೆಂದೂ, ಪಕ್ಕದ ಕಣಿವೆಯನ್ನೇರಿ ಉತ್ತರದ ಹಳ್ಳಿಗಳಿಗೆ ನಡೆದುಹೋಗುವೆವೆಂದೂ ತಿಳಿಸಿದನು. ಪೊವೆಲನು ನಕ್ಷತ್ರಗಳ ಎತ್ತರವನ್ನಳೆದು ತಾವಿರುವ ಸ್ಥಳವನ್ನು ಗುಣಿಸಿದನು; ಕಮರಿಯ ಕೊನೆಯು ಬಹು ದೂರವಿರಲಾರದೆಂದು ಅವನಿಗೆ ತೋರಿತು. ರಾತ್ರಿಯೆಲ್ಲ ಮರಳಿನ ಮೇಲೆ ಅತ್ತಿತ್ತ ನಡೆದಾಡಿದನು. ಬೆಳಗಾಗುವ ಹೊತ್ತಿಗೆ ಹೋಗತಕ್ಕವರು ಹೋಗುವುದೆಂದೂ, ಉಳಿಯತಕ್ಕವರು ನದಿಯಲ್ಲಿಯೇ ಸಾಗುವುದೆಂದೂ ನಿರ್ಣಯವಾಯಿತು.

ಆಗಸ್ಟ್ 28ರ ಬೆಳಗ್ಗೆ ಬೀಳ್ಕೊಡುಗೆ. ಜಗಳವಿಲ್ಲ, ಕಟುನುಡಿಯಿಲ್ಲ. ಹೋಗುವವರಿಗೆ ಬಂದೂಕುಗಳನ್ನು ಕೊಟ್ಟರು. ಒಂದು ಕಡೆಯಾದರೂ ಉಳಿಯಲೆಂದು ದಿನಚರಿಯ ಪ್ರತಿಗಳನ್ನು ಹಂಚಿಕೊಂಡರು. ಸಮ್ನರ್ ಎಂಬವನು ತಾನು ಸತ್ತರೆ ತನ್ನ ತಂಗಿಗೆ ತಲುಪಿಸಿರೆಂದು ಗಡಿಯಾರವನ್ನು ಹೌಲೆಂಡನ ಕೈಯಲ್ಲಿಟ್ಟನು. ಹೋಗುವವರ ಅಪಾಯವೇ ದೊಡ್ಡದೆಂದು ಉಳಿದವರೂ, ಉಳಿದವರ ಅಪಾಯವೇ ದೊಡ್ಡದೆಂದು ಹೋಗುವವರೂ ಮರುಗಿದರು. ‘ಎಮ್ಮಾ ಡೀನ್’ ದೋಣಿಯನ್ನು ಅಲ್ಲಿಯೇ ಕಟ್ಟಿಹಾಕಿ, ಆರು ಮಂದಿ ಎರಡು ದೋಣಿಗಳಲ್ಲಿ ನೀರಿಗಿಳಿದರು. ನೋಡುವುದಕ್ಕಿದ್ದಷ್ಟು ಭೀಕರವಾಗಿ ಹೊನಲು ಇರಲಿಲ್ಲ; ದಾಟಿಬಿಟ್ಟರು. ಮೂವರೂ ನೋಡಿ ಮನಸ್ಸು ಬದಲಿಸಿಯಾರೆಂದು ಕೆಳಗೆ ಕಾದು ಬಂದೂಕು ಹಾರಿಸಿದರು, ಅವರು ಬರಲಿಲ್ಲ. ಮಾರನೆಯ ದಿನವೇ, ಎಂದರೆ ಆಗಸ್ಟ್ 29ರಂದು, ಆರು ಮಂದಿಯೂ ಕಮರಿಯಿಂದ ಹೊರಬಿದ್ದರು. 30ರಂದು ವರ್ಜಿನ್ ನದಿಯ ಸಂಗಮದ ಬಳಿಯಲ್ಲಿ ಬಲೆ ಎಳೆಯುತ್ತಿದ್ದ ಕೆಲವರು ಕಾಣಿಸಿದರು. ತಂಡದ ಒಡಕು ಮರ, ಕಾಗದ ಏನಾದರೂ ತೇಲಿಬರುವುದೇ ಎಂದು ನೋಡುತ್ತಿರಬೇಕೆಂದು ಅವರಿಗೆ ಆಜ್ಞೆಯಾಗಿತ್ತಂತೆ!

ಮೇಲೆ ನಡೆದುಹೋದ ಮೂವರು ಕೊಲೆಯಾದರು. ಶಿವ್‌ವಿಟ್ಸ್ ಎಂಬ ಪೈಯೂಟ್ ಜನರು ಅವರನ್ನು ಬೇರೆ ಅಪರಾಧಿಗಳೆಂದು ತಪ್ಪಾಗಿ ತಿಳಿದು ಕೊಂದರೆಂಬುದು 1870ರಲ್ಲಿ ಪೊವೆಲನಿಗೆ ದೊರೆತ ವಿವರಣೆ. ಅಲ್ಲಿ ನೆಲಸಿದ್ದ ಬಿಳಿಯರೇ ಕೊಂದಿರಬಹುದೆಂದು ವಾದಿಸುವ ಚರಿತ್ರಕಾರರೂ ಇದ್ದಾರೆ. ವಿವಾದವು ಇನ್ನೂ ತೀರ್ಮಾನವಾಗಿಲ್ಲ.

ಹಿಂಬಾಲಿಸಿದವರು

ಮೊದಲು ಹಿಂಬಾಲಿಸಿದವನು ಪೊವೆಲನೇ. 1871–72ರಲ್ಲಿ ಎರಡನೆಯ ಸಲ ಹೊರಟಾಗ ದೋಣಿಯ ಮೇಲೆ ಒಂದು ಕುರ್ಚಿಯನ್ನು ಕಟ್ಟಿಸಿಕೊಂಡು ಅದರಲ್ಲಿ ಕುಳಿತು ಮುಂದಣ ದಾರಿಯನ್ನು ನೋಡುತ್ತಿದ್ದನು. ಈ ಸಲ ಛಾಯಾಚಿತ್ರಕಾರರೂ ಜತೆಗಿದ್ದರು. 1875ರಲ್ಲಿ ಅವನು ಪ್ರಕಟಿಸಿದ ಗ್ರಂಥವು ಲೋಕಪ್ರಸಿದ್ಧವಾಯಿತು. ಆದರೆ ಎರಡನೆಯ ಯಾತ್ರೆಯ ಕೆಲವು ಸಂಗತಿಗಳನ್ನು ಮೊದಲನೆಯದರಲ್ಲಿ ಬೆರಸಿ, ಎರಡನೆಯ ಸಲ ಜತೆಗೆ ಬಂದವರ ಹೆಸರನ್ನೇ ಅದರಲ್ಲಿ ಬಿಟ್ಟನು. 1869ರಲ್ಲಿ ಬ್ರಾಡ್ಲಿ ಎಂಬವನು ಯಾರಿಗೂ ತಿಳಿಸದೆ ಬರೆದಿಟ್ಟ ದಿನಚರಿಯು 1947ರಲ್ಲಿ ಅಚ್ಚಾದ ಮೇಲೆ ಎರಡನ್ನೂ ಹೋಲಿಸಿ ನೋಡುವ ಅವಕಾಶವಾಯಿತು. ಒಂದು ನಿದರ್ಶನ: ಬಂಡೆಯನ್ನೇರಿದ ಪೊವೆಲನು ಮೇಲಕ್ಕೂ ಕೆಳಕ್ಕೂ ಹೋಗಲಾರದೆ ಸಿಕ್ಕಿಕೊಂಡಾಗ, ಬ್ರಾಡ್ಲಿಯು ತನ್ನ ಒಳಚಲ್ಲಣವನ್ನೇ ಬಿಚ್ಚಿ ಮೇಲಿನಿಂದ ಇಳಿಬಿಟ್ಟು ಅವನನ್ನು ಎಳೆದುಕೊಂಡನು. ಸಂಗತಿಯನ್ನು ಇಬ್ಬರೂ ಬರೆದಿದ್ದಾರೆ. ನಡೆದ ಸ್ಥಳ ಮಾತ್ರ ಒಂದೊಂದರಲ್ಲಿ ಒಂದೊಂದು. ಆದುದರಿಂದ ಇಂದಿನ ತಂಡಗಳವರು ಒಂದೇ ಪುಸ್ತಕವನ್ನು ಕೊಂಡೊಯ್ಯುವುದಿಲ್ಲ. ಎರಡನ್ನೂ ಒಯ್ದು, ಬೆಂಕಿಯ ಸುತ್ತ ಕುಳಿತು ಯಾರ ಮಾತು ಸರಿಯೆಂದು ವಾದಿಸುತ್ತಾರೆ.

1889ರಲ್ಲಿ ನದಿಯ ದಡದಲ್ಲಿ ರೈಲುದಾರಿ ಹಾಕಲು ಸಾಧ್ಯವೇ ಎಂದು ನೋಡಲು ಬಂದವರಲ್ಲಿ ಮೂವರು ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಯಾರೂ ತೇಲುವ ಕವಚವನ್ನು ಧರಿಸಿರಲಿಲ್ಲ. ಮುಂದೆ ಗ್ಯಾಲೊವೇ ಎಂಬ ಬೇಟೆಗಾರನು ಒಂದು ಸಣ್ಣ ಬದಲಾವಣೆಯಿಂದ ದೊಡ್ಡ ಉಪಕಾರ ಮಾಡಿದನು. ಪೊವೆಲನ ಕಡೆಯವರು ಅಪಾಯಕ್ಕೆ ಬೆನ್ನು ತಿರುಗಿಸಿ ಕುಳಿತು, ಹೊಳೆಗಿಂತ ವೇಗವಾಗಿ ಹೋಗಲು ಹುಟ್ಟು ಹಾಕುತ್ತಿದ್ದರು. ಗ್ಯಾಲೊವೇ ಮುಖವನ್ನು ಕೆಳಗಡೆಗೆ ತಿರುಗಿಸಿ, ಪ್ರವಾಹಕ್ಕೆ ಎದುರಾಗಿ ಹುಟ್ಟೆಳೆದು ದೋಣಿಯನ್ನು ನಿಧಾನಗೊಳಿಸಿದನು. ಬರುವ ಬಂಡೆಯನ್ನು ಕಣ್ಣಿನಿಂದ ನೋಡುತ್ತ, ಅದರಿಂದ ಹಿಂದೆಗೆಯುವ ಈ ಉಪಾಯವೇ ಇಂದಿಗೂ ಅಲ್ಲಿಯ ಅಂಬಿಗರ ಮೊದಲ ಪಾಠ.

1938ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಎಲ್ಜಾಡಾ ಕ್ಲೋವರ್ ಮತ್ತು ಲೋಯಿಸ್ ಜಾಟರ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳು ನೆವಿಲ್ಸ್ ಎಂಬ ದೋಣಿಗಾರನ ತಂಡದಲ್ಲಿ ಯೂಟಾದ ಗ್ರೀನ್ ರಿವರ್ ಊರಿನಿಂದ ಹೊರಟರು. ಹೆಂಗಸರಿಗೆ ಇದು ಹೇಳಿದ ದಾರಿಯಲ್ಲವೆಂದು ಪತ್ರಿಕೆಗಳು ಎಷ್ಟು ಹೆದರಿಸಿದರೂ ಅವರು ಹಿಂಜರಿಯಲಿಲ್ಲ. ಸುಮಾರು ಆರು ವಾರಗಳಲ್ಲಿ ಗ್ರಾಂಡ್ ಕ್ಯಾನ್ಯನ್ನನ್ನು ದೋಣಿಯಲ್ಲಿ ದಾಟಿದ ಮೊದಲ ಸ್ತ್ರೀಯರೆಂಬ ಕೀರ್ತಿಗೆ ಪಾತ್ರರಾದರು. ಅಡಿಗೆಯ ಭಾರವೂ ಬಹುಮಟ್ಟಿಗೆ ಅವರ ಮೇಲೆಯೇ ಬಿದ್ದಿತ್ತು. ಅದನ್ನು ಮುಗಿಸಿ, ಉಳಿದ ಹೊತ್ತಿನಲ್ಲಿ ಗಿಡಗಳನ್ನು ಒತ್ತಿ ಒಣಗಿಸುತ್ತಿದ್ದರು. ಮೇಲುಗಡೆ ಅಣೆಕಟ್ಟಾಗುವುದಕ್ಕೆ ಮೊದಲು ದಡದಲ್ಲಿ ಯಾವ ಸಸ್ಯಗಳಿದ್ದುವೆಂದು ತಿಳಿಯಲು ಅವರ ಪಟ್ಟಿಯೇ ಇಂದು ಆಧಾರ. 1994ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಜಾಟರ್ ಅವರು ವಿಜ್ಞಾನಿಗಳ ತಂಡವೊಂದರೊಡನೆ ಮತ್ತೆ ಆ ನದಿಯಲ್ಲಿ ಸಾಗಿ, ತಾವು ಕಂಡಿದ್ದ ದಡಗಳಲ್ಲಿ ಆಗಿದ್ದ ಬದಲಾವಣೆಯನ್ನು ತೋರಿಸಿಕೊಟ್ಟರು.

ಇಂದಿನ ತಂಡಗಳ ಕ್ರಮ

ಪೊವೆಲನು ಹೋದಂದಿನಿಂದ 1949ರ ವರೆಗೆ, ಎಂಬತ್ತು ವರುಷಗಳಲ್ಲಿ, ಗ್ರಾಂಡ್ ಕ್ಯಾನ್ಯನ್ನನ್ನು ನದಿಯಲ್ಲಿ ದಾಟಿದವರು ಸುಮಾರು ನೂರು ಮಂದಿ ಮಾತ್ರ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಸೈನ್ಯದ ರಬ್ಬರು ತೆಪ್ಪಗಳು ಅಗ್ಗವಾಗಿ ದೊರೆತವು. ಗಾಳಿ ತುಂಬಿದ ಈ ತೆಪ್ಪವು ನಮ್ಮ ಹರಿಗೋಲಿನಂತೆ ಬಂಡೆಗೆ ತಾಗಿದರೂ ಬಾಗಿ ಬಳುಕಿ ಮುಂದೆ ಸಾಗುವುದು. ಇಂದು ವರುಷಕ್ಕೆ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಜನರು ಈ ಕಮರಿಯಲ್ಲಿ ದೋಣಿಯ ಮೇಲೆ ಹೋಗುತ್ತಾರೆ.

ಇಷ್ಟು ಜನರು ಕಿರಿದಾದ ದಡಗಳನ್ನು ಹಾಳುಮಾಡದಂತೆ ರಾಷ್ಟ್ರೀಯ ಉದ್ಯಾನದವರು ಕಟ್ಟುನಿಟ್ಟಾದ ನಿಯಮಗಳನ್ನು ವಿಧಿಸಿದ್ದಾರೆ. ಸ್ವಂತವಾಗಿ ದೋಣಿ ನಡೆಸಲಿಚ್ಛಿಸುವವರು ಚೀಟಿ ಎತ್ತುವ ಪದ್ಧತಿಯಿಂದ ಅನುಮತಿ ಪಡೆಯಬೇಕು. ಅಂಥ ತಂಡದಲ್ಲಿ ಹದಿನಾರು ಮಂದಿಗಿಂತ ಹೆಚ್ಚು ಇರಕೂಡದು. ಒಬ್ಬನು ವರುಷಕ್ಕೊಮ್ಮೆ ಮಾತ್ರ ಹೋಗಬಹುದು. ಒಲೆಯನ್ನು ಕಬ್ಬಿಣದ ತಟ್ಟೆಯಲ್ಲಿಯೇ ಉರಿಸಬೇಕು. ಬೂದಿಯನ್ನೂ, ಮಲವನ್ನು ಸಹ ಡಬ್ಬಿಗಳಲ್ಲಿ ತುಂಬಿ ಹೊರಗೆ ತರಬೇಕು. ದೋಣಿಯ ಮೇಲೆ ತೇಲುವ ಕವಚವನ್ನು ಬಿಚ್ಚಕೂಡದು. ಲೀಸ್ ಫೆರಿ ಎಂಬಲ್ಲಿ ಹೊರಟವರು ಸುಮಾರು 226 ಮೈಲಿ ಸಾಗಿ, ಹುಆಲಪೈ ಜನರ ನೆಲವಾದ ಡೈಮಂಡ್ ಕ್ರೀಕ್ ಎಂಬಲ್ಲಿ ಇಳಿಯಬಹುದು. ಹುಟ್ಟು ಹಾಕುವ ದೋಣಿಗೆ ಸಾಮಾನ್ಯವಾಗಿ ಎರಡು ವಾರಗಳಾದರೂ ಬೇಕು.

ಕೆಲಸಗಳನ್ನು ಸರದಿಯ ಮೇಲೆ ಹಂಚಿಕೊಳ್ಳುವುದು ತಂಡಗಳ ಪದ್ಧತಿ. ಒಬ್ಬರು ನೀರು ಸೋಸಿದರೆ, ಒಬ್ಬರು ಪಾತ್ರೆ ಬೆಳಗುವರು, ಒಬ್ಬರು ಮರಳಿನ ಮೇಲೆ ಸಾಮಾನಿಳಿಸುವರು. ಎರಡು ದಿನಗಳೊಳಗೆ ವೈದ್ಯರು ಯಾರು, ವಕೀಲರು ಯಾರು ಎಂಬ ಭೇದವು ಮರೆತುಹೋಗುವುದು. ಅಣೆಕಟ್ಟಿನಿಂದ ನೀರನ್ನು ವಿದ್ಯುಚ್ಛಕ್ತಿಯ ಬೇಡಿಕೆಗೆ ತಕ್ಕಂತೆ ಬಿಡುವುದರಿಂದ ಹೊಳೆಯು ಒಂದೇ ದಿನದಲ್ಲಿ ಏರಿಳಿಯುತ್ತದೆ. ಸಂಜೆ ನೀರಿನಲ್ಲಿ ಕಟ್ಟಿದ ದೋಣಿಯು ಬೆಳಗ್ಗೆ ಮರಳಿನ ಮೇಲೆ ಕುಳಿತಿರುವುದುಂಟು. ದೊಡ್ಡ ಬಿರುಹೊನಲು ಬಂದಾಗ ಎಲ್ಲರೂ ಇಳಿದು, ದಿಬ್ಬವನ್ನೇರಿ, ನೀರನ್ನು ಬಹುಹೊತ್ತು ನೋಡಿ ದಾರಿಯನ್ನು ನಿಶ್ಚಯಿಸುವರು. ಇದು ಪೊವೆಲನ ಕಾಲದಿಂದ ಬದಲಾಗದ ಕ್ರಮ.

ಇಷ್ಟು ಸಾಹಸವು ಎಲ್ಲರಿಗೂ ಒಪ್ಪುವಂಥದಲ್ಲ. ಸಂಸಾರವಂದಿಗರಿಗೆ ತಕ್ಕ ಭಾಗಗಳೂ ಈ ದಾರಿಯಲ್ಲಿವೆ. ಸಂಗಮಕ್ಕೆ ಮೇಲಿರುವ ಲ್ಯಾಬಿರಿಂತ್ ಮತ್ತು ಸ್ಟಿಲ್‌ವಾಟರ್ ಎಂಬ ಕಮರಿಗಳಲ್ಲಿ ಗ್ರೀನ್ ನದಿಯು ಪ್ರಶಾಂತವಾಗಿ ಬಳಸಿ ಬಳಸಿ ಹರಿಯುವುದರಿಂದ ಮಕ್ಕಳೊಡನೆ ಸಣ್ಣ ದೋಣಿಗಳಲ್ಲಿ ಹಲವು ದಿನ ಸಾಗಬಹುದು. ಲೊಡೋರ್ ಕಮರಿಯಿಂದ ಸುಮಾರು 44 ಮೈಲಿಯ ಪಯಣವು ಮೂರು ನಾಲ್ಕು ದಿನಗಳದು. ನೀರಿಗಿಳಿಯಲಾರದವರು ವಯೋಮಿಂಗಿನಲ್ಲಿ ತಂಡವು ಹೊರಟ ದ್ವೀಪವನ್ನೂ, ಯೂಟಾದ ಗ್ರೀನ್ ರಿವರ್ ಊರಿನಲ್ಲಿ ಪೊವೆಲನ ಹೆಸರಿನ ವಸ್ತುಸಂಗ್ರಹಾಲಯವನ್ನೂ ನೋಡಬಹುದು.

ಅಳಿದುದು, ಉಳಿದುದು

ಪೊವೆಲನ ದಾರಿಯನ್ನು ಪೂರ್ತಿಯಾಗಿ ಹಿಡಿಯುವವರಿಗೆ ದೊಡ್ಡ ನಿರಾಶೆಯೂ ಕಾದಿರುತ್ತದೆ. 1935ರಲ್ಲಿ ಕಟ್ಟಿ ಮುಗಿದ ಹೂವರ್ ಅಣೆಕಟ್ಟಿನ ಜಲಾಶಯವು ಕಮರಿಯ ಕೆಳತುದಿಯ ವರೆಗೂ ಹಬ್ಬಿ, ಮೂವರು ಅಗಲಿದ ಆ ಬಿರುಹೊನಲನ್ನೇ ಮುಳುಗಿಸಿತು. ಮೇಲುಗಡೆ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟೂ, ನಡುವೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟೂ ಬಂದವು. ಎರಡನೆಯದರ ಬಾಗಿಲನ್ನು 1963ರ ಮಾರ್ಚಿಯಲ್ಲಿ ಮುಚ್ಚಿದರು. ಪೊವೆಲನು ತನ್ನ ಯಾತ್ರೆಯಲ್ಲಿ ನೆಮ್ಮದಿಯಿಂದ ತೇಲಿದ ಸೌಮ್ಯವಾದ ಕಮರಿಯೇ ಗ್ಲೆನ್; ಅದನ್ನು ಮುಳುಗಿಸಿದ ಜಲಾಶಯಕ್ಕೆ ಪೊವೆಲನ ಹೆಸರನ್ನೇ ಇಟ್ಟಿರುವುದು ವಿಚಿತ್ರವಲ್ಲವೇ?

ಅಣೆಕಟ್ಟಿನ ಕೆಳಗೆ ಕೆಮ್ಮಣ್ಣಿನ ಬೆಚ್ಚನೆಯ ಹೊಳೆಯು ತಿಳಿಹಸುರಿನ ತಣ್ಣೀರಾಯಿತು. ಮರಳು ಜಲಾಶಯದಲ್ಲಿಯೇ ನಿಂತುಹೋದುದರಿಂದ ತಂಗುವ ದಡಗಳು ಕರಗತೊಡಗಿದವು. ಅವನ್ನು ಮತ್ತೆ ಕಟ್ಟಲು 1996ರಿಂದ ಆಗಾಗ್ಗೆ ಬೇಕೆಂದೇ ಹೆಚ್ಚು ನೀರು ಬಿಟ್ಟು ಕೃತಕ ಪ್ರವಾಹವನ್ನುಂಟುಮಾಡುವರು. 2022–23ರಲ್ಲಿ ಬರದಿಂದ ಜಲಾಶಯವು ತುಂಬತೊಡಗಿದಂದಿನಿಂದ ಎಂದೂ ಕಾಣದಷ್ಟು ತಗ್ಗಿದಾಗ, ಮುಳುಗಿದ್ದ ಪಕ್ಕದ ಕಣಿವೆಗಳೂ ಬಿರುಹೊನಲುಗಳೂ ಮೇಲೆ ಕಾಣಿಸಿಕೊಂಡವು.

ಈ ಬದಲಾವಣೆಗಳನ್ನು ಲೆಕ್ಕವಿಟ್ಟು ತಿಳಿಯುವುದರಲ್ಲಿ ಹಿಂಬಾಲಿಸುವ ತಂಡಗಳ ಪಾತ್ರವು ದೊಡ್ಡದು. 1968ರಲ್ಲಿ ಭೂವಿಜ್ಞಾನಿ ಯೂಜೀನ್ ಷೂಮೇಕರ್ ಮತ್ತು ಅವರ ಜತೆಯವರು, 1871–72ರ ಛಾಯಾಚಿತ್ರಗಳನ್ನು ಕೈಯಲ್ಲಿ ಹಿಡಿದು, ಹಿಂದಿನವರು ಯಂತ್ರವಿಟ್ಟ ಸ್ಥಳಗಳನ್ನೇ ಹುಡುಕಿ ಅವೇ ನೋಟಗಳನ್ನು ಮತ್ತೆ ತೆಗೆದರು. ನೂರು ವರುಷದಲ್ಲಿ ಎಷ್ಟೋ ಕಡೆ ಒಂದು ಬಂಡೆಯೂ ಅಲುಗಿರಲಿಲ್ಲ. 2019ರಲ್ಲಿ, ನೂರೈವತ್ತನೆಯ ವರುಷದ ನೆನಪಿಗಾಗಿ, ವಿದ್ವಾಂಸರೂ ಕಲಾವಿದರೂ ವಿದ್ಯಾರ್ಥಿಗಳೂ ಸೇರಿದ ತಂಡವೊಂದು ಅದೇ ಮೇ 24ರಂದು ವಯೋಮಿಂಗಿನಿಂದ ಹೊರಟು ಸುಮಾರು 70 ದಿನಗಳಲ್ಲಿ ಸುಮಾರು ಸಾವಿರ ಮೈಲಿ ಸಾಗಿತು. ಈ ನದಿಯ ನೀರನ್ನು ಇಂದು ನಂಬಿರುವ ಜನರು ಸುಮಾರು 4 ಕೋಟಿ. ಪಶ್ಚಿಮದ ಒಣನೆಲಕ್ಕೆಲ್ಲ ಸಾಲುವಷ್ಟು ನೀರಿಲ್ಲವೆಂದು ಪೊವೆಲನು 1893ರಲ್ಲಿ ನೀರಾವರಿಯ ಸಮ್ಮೇಳನವೊಂದರಲ್ಲಿ ಹೇಳಿದಾಗ ಸಭಿಕರು ಕೂಗಿ ಅವನ ಮಾತನ್ನು ತಡೆದಿದ್ದರು.

ನೋಡಿದವರ ಸಾಕ್ಷ್ಯ

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಗ್ರೀನ್ ಮತ್ತು ಯಾಂಪಾ ನದಿಗಳು ಕೂಡುವ ಎಕೋ ಪಾರ್ಕ್ ಎಂಬ ಸ್ಥಳಕ್ಕೆ ಆ ಹೆಸರಿಟ್ಟವನು ಪೊವೆಲನು. ಅಲ್ಲಿಯ ಗೋಡೆಯಂಥ ಬಂಡೆಯು ಆಡಿದ ಮಾತನ್ನು ಮರಳಿ ನುಡಿಯುವುದು. 1950ರ ಸುಮಾರಿಗೆ ಅಲ್ಲಿಯೂ ಅಣೆಕಟ್ಟು ಕಟ್ಟಿ ಲೊಡೋರ್ ಕಮರಿಯನ್ನೂ ಮುಳುಗಿಸಬೇಕೆಂಬ ಯೋಜನೆ ಸಿದ್ಧವಾಯಿತು. ಅದು ಕಾಡುನೆಲ, ಅಲ್ಲಿ ನೋಡತಕ್ಕುದೇನೂ ಇಲ್ಲ, ಆ ಹೊಳೆಯಲ್ಲಿ ಇಳಿದವನು ಬದುಕಿ ಬರಲಾರನು ಎಂದು ಯೋಜನೆಯ ಪರವಾದವರು ವಾದಿಸಿದರು. ಆಗ ಸಿಯೆರಾ ಕ್ಲಬ್ ಎಂಬ ಸಂಘದವರು ಬೇರೆ ರೀತಿಯಲ್ಲಿ ಉತ್ತರ ಕೊಟ್ಟರು. 1953ರಿಂದ, ಸಾಮಾನ್ಯ ಗೃಹಸ್ಥರನ್ನು ಹೆಂಡಿರು ಮಕ್ಕಳೊಡನೆ ರಬ್ಬರು ತೆಪ್ಪಗಳಲ್ಲಿ ಕೂರಿಸಿ, ತಂಡ ತಂಡವಾಗಿ ಆ ಕಮರಿಗಳಲ್ಲಿ ಕರೆದೊಯ್ದರು. ಹೋದವರೆಲ್ಲ ಸುಖವಾಗಿ ಮನೆಗೆ ಹಿಂದಿರುಗಿ, ತಾವು ಕಂಡುದನ್ನು ನೆರೆಹೊರೆಯವರಿಗೆ ಹೇಳಿದರು, ಚಿತ್ರಗಳನ್ನು ತೋರಿಸಿದರು, ಶಾಸನಸಭೆಯ ತಮ್ಮ ಪ್ರತಿನಿಧಿಗಳಿಗೆ ಕಾಗದ ಬರೆದರು. 1956ರಲ್ಲಿ ಕಾಯಿದೆಯಾದಾಗ ಎಕೋ ಪಾರ್ಕಿನ ಅಣೆಕಟ್ಟು ಅದರಲ್ಲಿರಲಿಲ್ಲ.

ಆದರೆ ಅದೇ ಕಾಯಿದೆಯಲ್ಲಿ ಗ್ಲೆನ್ ಕ್ಯಾನ್ಯನ್ನಿನ ಅಣೆಕಟ್ಟಿತ್ತು. ಗ್ಲೆನ್ ಕಮರಿಯನ್ನು ಕಂಡವರು ಆಗ ಬಹು ಕಡಿಮೆ. ಅದಕ್ಕಾಗಿ ಕಾಗದ ಬರೆಯುವವರೂ ಹೆಚ್ಚಾಗಿರಲಿಲ್ಲ. ಸಂಘದ ಮುಂದಾಳುಗಳೇ ಹೋಗಿ ಅದರ ಚೆಲುವನ್ನು ಕಾಣುವ ಹೊತ್ತಿಗೆ ಕಾಲ ಮಿಂಚಿತ್ತು. 1963ರಲ್ಲಿ ಆ ಸಂಘವು ಪ್ರಕಟಿಸಿದ ಎಲಿಯಟ್ ಪೋರ್ಟರ್ ಎಂಬ ಛಾಯಾಚಿತ್ರಕಾರನ ಪುಸ್ತಕವು, ಯಾರೂ ಅರಿಯದ ತಾಣವೆಂದೇ ಅದನ್ನು ಕರೆದಿತು. ಜನರು ಹೋಗಿ ನೋಡಿದ ಕಮರಿಯು ಉಳಿಯಿತು, ನೋಡದಿದ್ದುದು ಮುಳುಗಿತು. ಅಣೆಕಟ್ಟಿನಿಂದ ಬೆಳಕೂ ನೀರೂ ದೊರೆತುವೆಂಬುದು ನಿಜ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೊಟ್ಟುದಕ್ಕೆ ಪ್ರತಿಯಾಗಿ ಕಳೆದುಕೊಂಡುದೇನೆಂಬುದನ್ನು ತೂಗಿ ನೋಡಬೇಕಾದರೆ, ಕಳೆದುಕೊಳ್ಳುವುದಕ್ಕೆ ಮೊದಲು ಒಮ್ಮೆಯಾದರೂ ಕಂಡಿರಬೇಕು.

ಮೂವರು ಅಗಲಿದ ಸ್ಥಳದಲ್ಲಿ ಬಂಡೆಯ ಮೇಲೆ ಅವರ ನೆನಪಿಗಾಗಿ ಒಂದು ಫಲಕವಿದೆ. ಅಲ್ಲಿಗೆ ಬಂದ ತಂಡಗಳು ದೋಣಿಯನ್ನು ನಿಲ್ಲಿಸಿ ಆಗಸ್ಟ್ 28ರ ದಿನಚರಿಯನ್ನು ಓದುವುದುಂಟು. ನೀವಾದರೆ ಏನು ಮಾಡುತ್ತಿದ್ದಿರಿ ಎಂದು ಯಾರಾದರೊಬ್ಬರು ಕೇಳಿಯೇ ಕೇಳುವರು. ಪುಸ್ತಕವನ್ನು ಮನೆಯಲ್ಲಿ ಓದಿದವರು, ಇನ್ನೊಂದೇ ದಿನ ತಾಳಬೇಕಾಗಿತ್ತೆಂದು ತಟ್ಟನೆ ಹೇಳಿಬಿಡುವರು. ಎರಡು ವಾರ ಆ ನೀರಿನ ಮೇಲೆ ಬಂದವರು ಅಷ್ಟು ಬೇಗ ಉತ್ತರ ಕೊಡುವುದಿಲ್ಲ.